ಕೋವಿ ತಯಾರಕರ ಊರಿನ ಫುಟ್‌ಬಾಲ್

2014ರ ಮೇ 25ರಂದು ಉತ್ತರ ಸ್ಪೇನಿನ ಐಬಾರ್ ಎಂಬ ಸಣ್ಣ ಊರಿನಲ್ಲಿ ಹಬ್ಬದ ವಾತಾವರಣ. ಊರಿನ ಫುಟ್‌ಬಾಲ್ ಕ್ಲಬ್ಬು ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ದೇಶದ ಮೊದಲ ದರ್ಜೆಯ ಲೀಗಿಗೆ ಬಡ್ತಿ ಪಡೆದಿತ್ತು. ಮುಂದಿನ ವರ್ಷ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾದಂಥ ಜಗತ್ಪ್ರಸಿದ್ಧ ತಂಡಗಳು ಇದೇ ಊರಿಗೆ ಬಂದು ಆಡಬೇಕು. ಊರಿನ ಜನಸಂಖ್ಯೆ ಸುಮಾರು 27 ಸಾವಿರ. ಆಗ ಬಾರ್ಸಿಲೋನಾದ ಕ್ರೀಡಾಂಗಣದಲ್ಲಿ 99 ಸಾವಿರದಷ್ಟು ಆಸನಗಳಿದ್ದವು. ಐಬಾರಿನ ಹಸುಗೂಸಿನಿಂದ ಮುದುಕರವರೆಗೆ ಎಲ್ಲರನ್ನೂ ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿದರೂ ಮುಕ್ಕಾಲು ಪಾಲು ಖಾಲಿ ಉಳಿಯುತ್ತಿತ್ತು.

ಆದರೆ ಈ ಸಂಭ್ರಮದ ಹಿಂದೆ ಒಂದು ಕಳವಳವೂ ಇತ್ತು. ಆಗಸ್ಟ್ ಮೊದಲ ವಾರದೊಳಗೆ ಕ್ಲಬ್ಬು ತನ್ನ ಷೇರು ಬಂಡವಾಳಕ್ಕೆ ಇನ್ನೂ 17 ಲಕ್ಷ 24 ಸಾವಿರ ಯೂರೊ ಸೇರಿಸಬೇಕಿತ್ತು. ಆಗಿನ ವಿನಿಮಯ ದರದಲ್ಲಿ ಇದು ಸುಮಾರು 14 ಕೋಟಿ ರೂಪಾಯಿ. ಇಲ್ಲವಾದರೆ ಮೈದಾನದಲ್ಲಿ ಗೆದ್ದುಬಂದ ತಂಡವನ್ನು ಮೊದಲ ದರ್ಜೆಗಲ್ಲ, ಮೂರನೆಯ ದರ್ಜೆಗೆ ಇಳಿಸಬೇಕೆಂದು ಕಾನೂನು ಹೇಳುತ್ತಿತ್ತು. ಐಬಾರ್ ಯಾರಿಗೂ ಹಣ ಬಾಕಿ ಉಳಿಸಿಕೊಂಡಿರಲಿಲ್ಲ. ಸಾಲದಲ್ಲಿ ಮುಳುಗಿದ್ದ ಸ್ಪೇನಿನ ಫುಟ್‌ಬಾಲ್ ಲೋಕದಲ್ಲಿ ಸಾಲವೇ ಇಲ್ಲದ ಅಪರೂಪದ ಕ್ಲಬ್ಬು ಅದು. ಅಂಥ ಕ್ಲಬ್ಬಿಗೇ ಈ ಸಂಕಟ ಏಕೆ ಬಂತು, ಅದರಿಂದ ಅದು ಪಾರಾದದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಆ ಊರಿನ ಕಥೆಯಿಂದಲೇ ಆರಂಭಿಸಬೇಕು.

ಕುಲುಮೆಯ ಊರು

ಐಬಾರ್ ಇರುವುದು ಬಾಸ್ಕ್ ಪ್ರದೇಶದ ಗಿಪುಸ್ಕೋವಾ ಪ್ರಾಂತ್ಯದಲ್ಲಿ. ಒಂದು ಕಡೆ ಬಿಲ್ಬಾವೊ, ಇನ್ನೊಂದು ಕಡೆ ಸಾನ್ ಸೆಬಾಸ್ಟಿಯನ್. ಎರಡೂ ನಗರಗಳಿಗೆ ಸುಮಾರು 50 ಕಿಲೋಮೀಟರ್ ದೂರ. ಎಗೊ ಎಂಬ ಸಣ್ಣ ನದಿಯ ಇಕ್ಕಟ್ಟಾದ ಕಣಿವೆಯಲ್ಲಿ ಊರು ಬೆಳೆದಿದೆ. ಎರಡೂ ಕಡೆ ಬೆಟ್ಟ, ನಡುವೆ ಸಮತಟ್ಟಾದ ನೆಲ ಬಹಳ ಕಡಿಮೆ. ಹೀಗಾಗಿ ಊರು ಅಗಲಕ್ಕೆ ಹರಡುವ ಬದಲು ಎತ್ತರಕ್ಕೆ ಏರಿತು. ಕೆಳಗೆ ಕಾರ್ಖಾನೆ, ಮೇಲೆ ವಸತಿ ಎಂಬಂಥ ಕಟ್ಟಡಗಳು ಅಲ್ಲಿ ಸಾಮಾನ್ಯವಾದವು. ಬೇಸಾಯಕ್ಕೆ ಒದಗದ ಈ ಕಣಿವೆಯ ಜನರಿಗೆ ಅನ್ನ ಕೊಟ್ಟದ್ದು ಕಬ್ಬಿಣ.

ಹದಿನೈದನೆಯ ಶತಮಾನದಿಂದಲೂ ಐಬಾರ್ ಆಯುಧಗಳ ತಯಾರಿಕೆಗೆ ಹೆಸರುವಾಸಿ. ರಾಜರ ಸೇನೆಗೆ ಬೇಕಾದ ಕೋವಿಗಳು ಇಲ್ಲಿಂದ ಹೋಗುತ್ತಿದ್ದವು. ಉಕ್ಕಿನ ಮೇಲೆ ಚಿನ್ನದ ಎಳೆ ಕೂರಿಸುವ ಕುಸುರಿ ಕೆಲಸದಲ್ಲೂ ಇಲ್ಲಿನವರು ಎತ್ತಿದ ಕೈ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಲೆಯನ್ನು ಯುರೋಪಿನಾದ್ಯಂತ ಪ್ರಸಿದ್ಧಗೊಳಿಸಿದ ಪ್ಲಾಸಿದೊ ಸುಲೋವಾಗಾ ಇದೇ ಪರಂಪರೆಯವನು. ಅವನ ಮಗನೇ ಹೆಸರಾಂತ ಚಿತ್ರಕಾರ ಇಗ್ನಾಸಿಯೊ ಸುಲೋವಾಗಾ. ಇಂದಿಗೂ ಐಬಾರಿನ ಫುಟ್‌ಬಾಲ್ ತಂಡವನ್ನು ಸ್ಪೇನಿನವರು ಕರೆಯುವುದು ‘ಆರ್ಮೆರೋಸ್’, ಅಂದರೆ ಕೋವಿ ತಯಾರಕರು ಎಂದು.

ಮೊದಲನೆಯ ಮಹಾಯುದ್ಧದ ಕಾಲ ಈ ಕಣಿವೆಗೆ ಸುಗ್ಗಿಯ ಕಾಲ. ಫ್ರಾನ್ಸಿನ ಸೇನೆಗಾಗಿ ಐಬಾರ್ ಮತ್ತು ಸುತ್ತಲಿನ ಊರುಗಳ ಹತ್ತಾರು ಕಾರ್ಖಾನೆಗಳು ಪಿಸ್ತೂಲುಗಳನ್ನು ತಯಾರಿಸಿದವು. 1918ರಲ್ಲಿ ಯುದ್ಧ ಮುಗಿಯುತ್ತಲೇ ಬೇಡಿಕೆಯೂ ಕುಸಿಯಿತು. ಆಗ ಊರು ಕೈಕಟ್ಟಿ ಕೂರಲಿಲ್ಲ. ಕೋವಿಯ ನಳಿಗೆ ಮಾಡುವ ಯಂತ್ರದಿಂದಲೇ ಬೈಸಿಕಲ್ಲಿನ ಕೊಳವೆ ಮಾಡಬಹುದಲ್ಲವೆ? ಸೈಕಲ್ ಪ್ರಿಯರಿಗೆ ಇಂದು ಪರಿಚಿತವಾಗಿರುವ ಓರ್ಬೆಯಾ, ಬಿಎಚ್ ಕಂಪನಿಗಳೆರಡೂ ಮೂಲತಃ ಐಬಾರಿನ ಕೋವಿ ಕಾರ್ಖಾನೆಗಳೇ. ರಿವಾಲ್ವರ್ ಮಾಡುತ್ತಿದ್ದ ಎಲ್ ಕಾಸ್ಕೊ ಎಂಬ ಕಂಪನಿ 1930ರ ದಶಕದಲ್ಲಿ ಕಾಗದಕ್ಕೆ ಪಿನ್ ಹೊಡೆಯುವ ಸ್ಟೇಪ್ಲರ್ ಮಾಡತೊಡಗಿತು.

ಇವುಗಳಲ್ಲಿ ‘ಆಲ್ಫಾ’ದ ಕಥೆ ಬೇರೆ ಬಗೆಯದು. 1920ರಲ್ಲಿ ಮುಷ್ಕರದ ಬಳಿಕ ಸಮಾಜವಾದಿ ಕಾರ್ಮಿಕರು ತಾವೇ ಬಂಡವಾಳ ಕೂಡಿಸಿ ಸಹಕಾರಿ ತತ್ವದ ಮೇಲೆ ಆಲ್ಫಾ ಆಯುಧ ಕಾರ್ಖಾನೆಯನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಆಯುಧ ಬಿಟ್ಟು ಹೊಲಿಗೆ ಯಂತ್ರಗಳತ್ತ ತಿರುಗಿತು. ಒಬ್ಬ ಧನಿಕನ ಕೈ ಕಾಯದೆ ಹಲವರು ಸ್ವಲ್ಪ ಸ್ವಲ್ಪ ಹಾಕಿ ಒಂದು ಸಂಸ್ಥೆಯನ್ನು ನಿಲ್ಲಿಸುವುದು ಈ ಊರಿಗೆ ಆಗಲೇ ಗೊತ್ತಿದ್ದ ದಾರಿ. ಸುಮಾರು ತೊಂಬತ್ತು ವರ್ಷಗಳ ನಂತರ ಫುಟ್‌ಬಾಲ್ ಕ್ಲಬ್ಬು ಕೂಡ ಅದೇ ದಾರಿ ಹಿಡಿಯಬೇಕಾಗಿ ಬಂತು.

ಬೂದಿಯ ಮೇಲೆ ಹುಟ್ಟಿದ ಕ್ಲಬ್ಬು

ಕಾರ್ಮಿಕರ ಊರಾದ ಐಬಾರ್ ರಾಜಕೀಯದಲ್ಲೂ ಮುಂದೆ. 1931ರ ಏಪ್ರಿಲ್ 14ರ ಮುಂಜಾನೆ, ಮ್ಯಾಡ್ರಿಡ್ ಇನ್ನೂ ಹಿಂದುಮುಂದು ನೋಡುತ್ತಿದ್ದಾಗಲೇ, ಐಬಾರಿನ ಪುರಸಭೆಯ ಕಟ್ಟಡದ ಮೇಲೆ ಗಣರಾಜ್ಯದ ಬಾವುಟ ಹಾರಿತು. ಸ್ಪೇನಿನಲ್ಲಿ ರಾಜಪ್ರಭುತ್ವ ಮುಗಿಯಿತೆಂದು ಮೊತ್ತಮೊದಲು ಸಾರಿದ ಊರು ಇದು. ಹೊಸ ಸರ್ಕಾರ ಅದಕ್ಕೆ ‘ಅತ್ಯಂತ ಆದರ್ಶ ನಗರ’ ಎಂಬ ಬಿರುದು ನೀಡಿತು.

ಆ ಹೆಮ್ಮೆಗೆ ಊರು ದೊಡ್ಡ ಬೆಲೆಯನ್ನೇ ತೆತ್ತಿತು. 1936ರಲ್ಲಿ ಆರಂಭವಾದ ಅಂತರ್ಯುದ್ಧದಲ್ಲಿ ಐಬಾರ್ ಜನರಲ್ ಫ್ರಾಂಕೊನ ಪಡೆಗಳಿಗೆ ಎದುರಾಗಿ ನಿಂತಿತು. 1937ರ ಏಪ್ರಿಲ್ ಕೊನೆಯಲ್ಲಿ ವಿಮಾನಗಳು ಊರಿನ ಮೇಲೆ ಬಾಂಬು ಸುರಿದವು. ಏಪ್ರಿಲ್ 25ರ ದಾಳಿ ಅತ್ಯಂತ ಭೀಕರವಾಗಿತ್ತು. ಮರುದಿನ, ಅಂದರೆ 26ರಂದು, ಅದೇ ಬಾಸ್ಕ್ ನಾಡಿನ ಗೆರ್ನಿಕಾದ ಮೇಲೆ ದಾಳಿಯಾಯಿತು. ಪಿಕಾಸೊ ಬಿಡಿಸಿದ ಚಿತ್ರದಿಂದಾಗಿ ಗೆರ್ನಿಕಾ ಜಗತ್ತಿನ ನೆನಪಿನಲ್ಲಿ ಉಳಿಯಿತು. ಐಬಾರಿನ ದುರಂತ ಹೊರಗಿನವರಿಗೆ ಅಷ್ಟಾಗಿ ತಿಳಿಯಲಿಲ್ಲ.

ಯುದ್ಧ 1939ರಲ್ಲಿ ಮುಗಿಯಿತು. ಮರುವರ್ಷ, 1940ರ ನವೆಂಬರ್ 30ರಂದು, ಊರಿನಲ್ಲಿದ್ದ ಸಣ್ಣ ತಂಡಗಳನ್ನು ಒಂದುಗೂಡಿಸಿ ‘ಸೊಸಿಯೆದಾದ್ ದೆಪೊರ್ತಿವಾ ಐಬಾರ್’ ಎಂಬ ಕ್ಲಬ್ಬು ಸ್ಥಾಪನೆಯಾಯಿತು. ಬೀದಿಗಳಲ್ಲಿ ಕುಸಿದ ಗೋಡೆಗಳು, ಅಂಗಡಿಗಳಲ್ಲಿ ಪಡಿತರ, ಮನೆಗಳಲ್ಲಿ ಸತ್ತವರ ಮತ್ತು ಸೆರೆಯಲ್ಲಿದ್ದವರ ನೆನಪು. ಅಂಥ ದಿನಗಳಲ್ಲಿ ಹುಟ್ಟಿದ ಕ್ಲಬ್ಬಿಗೆ ಸಮವಸ್ತ್ರಕ್ಕೂ ಹಣವಿರಲಿಲ್ಲ. ಆ ದಶಕದಲ್ಲಿ ಪ್ರಾಂತ್ಯದ ಫುಟ್‌ಬಾಲ್ ಒಕ್ಕೂಟ ದಾನವಾಗಿ ಕೊಟ್ಟದ್ದು ಬಾರ್ಸಿಲೋನಾ ತಂಡದ ನೀಲಿ ಮತ್ತು ಕಡುಗೆಂಪು ಪಟ್ಟೆಯ ಅಂಗಿಗಳನ್ನು. ದಾನವಾಗಿ ಬಂದ ಆ ಬಣ್ಣವೇ ಐಬಾರಿನ ಬಣ್ಣವಾಗಿ ನಿಂತಿತು.

1947ರಲ್ಲಿ ಇಪುರುವಾ ಎಂಬ ಕ್ರೀಡಾಂಗಣ ಉದ್ಘಾಟನೆಯಾಯಿತು. ಬೆಟ್ಟದ ಇಳಿಜಾರಿನಲ್ಲಿ ಸಿಕ್ಕ ಸಮತಟ್ಟಿನ ಮೇಲಿರುವ ಈ ಮೈದಾನದ ಬೆನ್ನಿಗೇ ಎತ್ತರದ ವಸತಿ ಕಟ್ಟಡಗಳಿವೆ. ಅಲ್ಲಿ ವಾಸವಿರುವವರು ಟಿಕೆಟ್ ಕೊಳ್ಳದೆ ತಮ್ಮ ಮನೆಯ ಕಿಟಕಿಯಿಂದಲೇ ಪಂದ್ಯ ನೋಡಬಲ್ಲರು.

ಕೆಳ ದರ್ಜೆಯ ಬದುಕು

ಸ್ಪೇನಿನ ಫುಟ್‌ಬಾಲ್ ವ್ಯವಸ್ಥೆ ಒಂದು ಏಣಿಯಂತೆ. ತುದಿಯಲ್ಲಿ ‘ಪ್ರಿಮೆರಾ’, ಅಂದರೆ ಮೊದಲ ದರ್ಜೆ; ಅದರ ಕೆಳಗೆ ‘ಸೆಗುಂದಾ’, ಎರಡನೆಯ ದರ್ಜೆ; ಅದಕ್ಕೂ ಕೆಳಗೆ ಪ್ರಾದೇಶಿಕ ಗುಂಪುಗಳಾಗಿ ಒಡೆದುಕೊಂಡ ಹಲವು ಮೆಟ್ಟಿಲುಗಳು. ಪ್ರತಿ ವರ್ಷ ಚೆನ್ನಾಗಿ ಆಡಿದವರಿಗೆ ಬಡ್ತಿ, ಕೊನೆಯಲ್ಲಿ ಉಳಿದವರಿಗೆ ಹಿಂಬಡ್ತಿ. ದೊಡ್ಡ ನಗರಗಳ ನಾಲ್ಕಾರು ಕ್ಲಬ್ಬುಗಳು ಏಣಿಯ ತುದಿಯಲ್ಲೇ ಕುಳಿತಿರುತ್ತವೆ. ಸಣ್ಣ ಊರುಗಳ ನೂರಾರು ಕ್ಲಬ್ಬುಗಳು ಕೆಳಗಿನ ಮೆಟ್ಟಿಲುಗಳಲ್ಲಿ ಹತ್ತುತ್ತ ಇಳಿಯುತ್ತ ಆಯುಷ್ಯ ಕಳೆಯುತ್ತವೆ.

ಐಬಾರ್ ಈ ಎರಡನೆಯ ಗುಂಪಿಗೆ ಸೇರಿದ್ದು. 1953ರಲ್ಲಿ ಎರಡನೆಯ ದರ್ಜೆಗೆ ಏರಿತು. ಐದು ವರ್ಷಗಳ ನಂತರ 1958ರಲ್ಲಿ ಇಳಿಯಿತು. ಮತ್ತೆ ಆ ಮೆಟ್ಟಿಲು ಹತ್ತಲು ಮೂವತ್ತು ವರ್ಷ ಬೇಕಾಯಿತು. ಆ ಮೂರು ದಶಕಗಳಲ್ಲಿ ಊರಿನ ಸ್ಥಿತಿಯೂ ಏರಿ ಇಳಿಯಿತು. ಸೈಕಲ್, ಹೊಲಿಗೆ ಯಂತ್ರ, ಯಂತ್ರೋಪಕರಣಗಳ ಕಾರ್ಖಾನೆಗಳು ಸ್ಪೇನಿನ ಬೇರೆ ಭಾಗಗಳಿಂದ ಕೆಲಸಗಾರರನ್ನು ಸೆಳೆದವು. 1970ರ ದಶಕದಲ್ಲಿ ಜನಸಂಖ್ಯೆ 40 ಸಾವಿರದ ಸಮೀಪಕ್ಕೆ ಬಂತು. ಬಳಿಕ ಕೈಗಾರಿಕಾ ಬಿಕ್ಕಟ್ಟು ಎರಗಿತು. ಕಾರ್ಖಾನೆಗಳು ಮುಚ್ಚಿದವು, ಇಲ್ಲವೆ ಜಾಗ ಹುಡುಕಿಕೊಂಡು ಕಣಿವೆಯ ಆಚೆ ಹೋದವು. ಯುವಕರು ಊರು ಬಿಟ್ಟರು.

ಊರು ಹೀಗೆ ಕುಗ್ಗುತ್ತಿದ್ದ ಹೊತ್ತಿನಲ್ಲೇ ಕ್ಲಬ್ಬು ಮೇಲೇರಿತು. 1988ರಲ್ಲಿ ಎರಡನೆಯ ದರ್ಜೆಗೆ ಮರಳಿದ ಐಬಾರ್ 2006ರವರೆಗೆ, ಸತತ ಹದಿನೆಂಟು ಋತುಗಳ ಕಾಲ, ಅಲ್ಲಿಯೇ ನಿಂತಿತು. ಅಷ್ಟು ಸಣ್ಣ ಊರಿನ ಕ್ಲಬ್ಬಿಗೆ ಇದು ಸಾಮಾನ್ಯ ಸಾಧನೆಯಲ್ಲ. ಇದರ ಗುಟ್ಟು ಒಂದೇ ಮಾತಿನಲ್ಲಿದೆ: ಹಾಸಿಗೆ ಇದ್ದಷ್ಟು ಕಾಲು ಚಾಚುವುದು. ದುಬಾರಿ ಆಟಗಾರರನ್ನು ಕೊಳ್ಳಲು ಐಬಾರ್ ಹೋಗಲಿಲ್ಲ. ದೊಡ್ಡ ಕ್ಲಬ್ಬುಗಳಲ್ಲಿ ಅವಕಾಶ ಸಿಗದೆ ಬೆಂಚಿನ ಮೇಲೆ ಕುಳಿತ ಹುಡುಗರನ್ನು ಒಂದು ವರ್ಷದ ಮಟ್ಟಿಗೆ ಎರವಲು ತಂದು ಆಡಿಸುತ್ತಿತ್ತು. ಕೆಸರು, ಮಳೆ, ಇಕ್ಕಟ್ಟಾದ ಮೈದಾನಗಳ ನಡುವೆ ಆ ಹುಡುಗರು ಆಟ ಕಲಿತು ಹಿಂದಿರುಗುತ್ತಿದ್ದರು.

ಹಾಗೆ ಬಂದುಹೋದವರಲ್ಲಿ ಇಬ್ಬರ ಹೆಸರು ಮುಂದೆ ಜಗತ್ತಿಗೇ ತಿಳಿಯಿತು. 2000–01ರ ಋತುವಿನ ಮೊದಲ ಭಾಗದಲ್ಲಿ ರಿಯಲ್ ಸೊಸಿಯೆದಾದ್ ಕ್ಲಬ್ಬಿನಿಂದ ಎರವಲಾಗಿ ಬಂದವನು ಶಾಬಿ ಅಲೊನ್ಸೊ. 2004–05ರಲ್ಲಿ ವೆಲೆನ್ಸಿಯಾದಿಂದ ಬಂದವನು ದಾವಿದ್ ಸಿಲ್ವಾ. 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದಲ್ಲಿ ಇಬ್ಬರೂ ಇದ್ದರು. ಸಿಲ್ವಾ ಆಡಿದ ಆ ಋತುವಿನಲ್ಲಿ ತರಬೇತುದಾರ ಹೊಸೆ ಲೂಯಿಸ್ ಮೆಂಡಿಲಿಬಾರ್ ನೇತೃತ್ವದಲ್ಲಿ ಐಬಾರ್ ನಾಲ್ಕನೆಯ ಸ್ಥಾನಕ್ಕೆ ಬಂತು. ಬಡ್ತಿ ಮೂರು ತಂಡಗಳಿಗಷ್ಟೇ ಇದ್ದುದರಿಂದ ಅವಕಾಶ ಕೂದಲೆಳೆಯಲ್ಲಿ ತಪ್ಪಿತು.

ಅನಂತರ ಇಳಿಗಾಲ. 2006ರಲ್ಲಿ ಹಿಂಬಡ್ತಿ, ಮರುವರ್ಷವೇ ಬಡ್ತಿ, 2009ರಲ್ಲಿ ಮತ್ತೆ ಹಿಂಬಡ್ತಿ. ಮೂರನೆಯ ದರ್ಜೆಯಲ್ಲಿ ನಾಲ್ಕು ವರ್ಷ ಕಳೆಯಿತು. 2012ರ ಡಿಸೆಂಬರಿನಲ್ಲಿ, ಇನ್ನೂ ಮೂರನೆಯ ದರ್ಜೆಯಲ್ಲಿದ್ದಾಗಲೇ, ರಾಜರ ಹೆಸರಿನ ಕಪ್ ಪಂದ್ಯಾವಳಿಯಲ್ಲಿ ಐಬಾರ್ ನೆರೆಯ ದೈತ್ಯ ಅಥ್ಲೆಟಿಕ್ ಬಿಲ್ಬಾವೊ ತಂಡವನ್ನು ಹೊರದೂಡಿತು. ಸ್ವಂತ ಊರಿನಲ್ಲಿ ಸೊನ್ನೆ-ಸೊನ್ನೆ, ಬಿಲ್ಬಾವೊದಲ್ಲಿ ಒಂದು-ಒಂದು. ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ಆಗಿನ ನಿಯಮ ಐಬಾರಿನ ಕೈ ಹಿಡಿಯಿತು. ಹಿಂದೆ ಇದೇ ಕ್ಲಬ್ಬಿನ ಆಟಗಾರನಾಗಿದ್ದ ಗೈಸ್ಕಾ ಗರಿಟಾನೊ ಆಗ ತರಬೇತುದಾರ. ಅವನ ಕೈಕೆಳಗೆ ತಂಡ 2013ರಲ್ಲಿ ಎರಡನೆಯ ದರ್ಜೆಗೂ 2014ರಲ್ಲಿ, ಆ ದರ್ಜೆಯ ಚಾಂಪಿಯನ್ನಾಗಿ, ಮೊದಲ ದರ್ಜೆಗೂ ಏರಿತು. ಬಡ್ತಿ ಪಡೆದ ವರ್ಷ ಕ್ಲಬ್ಬಿನ ಇಡೀ ಬಜೆಟ್ಟು ಸುಮಾರು 40 ಲಕ್ಷ ಯೂರೊ. ದೊಡ್ಡ ಕ್ಲಬ್ಬುಗಳಲ್ಲಿ ಒಬ್ಬ ಸಾಧಾರಣ ಆಟಗಾರನನ್ನು ಕೊಳ್ಳಲೂ ಸಾಲದ ಮೊತ್ತವಿದು.

ಕಾನೂನಿನ ವಿಚಿತ್ರ

ಐಬಾರಿಗೆ ಕಂಟಕವಾದ ಕಾನೂನಿನ ಮೂಲ 1990ರ ಕ್ರೀಡಾ ಕಾಯಿದೆಯಲ್ಲಿದೆ. ಅದುವರೆಗೆ ಸ್ಪೇನಿನ ಫುಟ್‌ಬಾಲ್ ಕ್ಲಬ್ಬುಗಳು ಸದಸ್ಯರ ಸಂಘಗಳಾಗಿದ್ದವು. ಅಧ್ಯಕ್ಷರಾದವರು ಚಪ್ಪಾಳೆಯ ಆಸೆಗೆ ಸಾಲ ಮಾಡಿ ಆಟಗಾರರನ್ನು ತರುತ್ತಿದ್ದರು. ಸಾಲದ ಹೊರೆ ಬೆಳೆದಾಗ ಕೈತೊಳೆದುಕೊಂಡು ಹೋಗುತ್ತಿದ್ದರು. ಇದಕ್ಕೆ ಕಡಿವಾಣ ಹಾಕಲು ಮೇಲಿನ ಎರಡು ದರ್ಜೆಗಳ ಕ್ಲಬ್ಬುಗಳೆಲ್ಲ ಷೇರು ಬಂಡವಾಳವಿರುವ ಕ್ರೀಡಾ ಕಂಪನಿಗಳಾಗಬೇಕೆಂದು ಸರ್ಕಾರ ವಿಧಿಸಿತು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್ ಬಿಲ್ಬಾವೊ, ಒಸಾಸುನಾ ಎಂಬ ನಾಲ್ಕು ಕ್ಲಬ್ಬುಗಳಿಗೆ ಮಾತ್ರ, ಲೆಕ್ಕಪತ್ರ ಸರಿಯಾಗಿದ್ದ ಕಾರಣಕ್ಕೆ, ಹಳೆಯ ರೂಪದಲ್ಲೇ ಉಳಿಯಲು ಅವಕಾಶ ಸಿಕ್ಕಿತು. ಐಬಾರ್ 1992ರಲ್ಲಿ ಕಂಪನಿಯಾಯಿತು. ಅದರ ಬಂಡವಾಳ ಇಂದಿನ ಲೆಕ್ಕದಲ್ಲಿ 4 ಲಕ್ಷ 22 ಸಾವಿರ ಯೂರೊ.

1999ರಲ್ಲಿ ಬಂದ ರಾಜಾಜ್ಞೆಯೊಂದು ಈ ಬಂಡವಾಳ ಕನಿಷ್ಠ ಎಷ್ಟಿರಬೇಕೆಂಬುದಕ್ಕೆ ಸೂತ್ರ ಹೇಳಿತು. ಎರಡನೆಯ ದರ್ಜೆಯ ಕ್ಲಬ್ಬುಗಳು ವರ್ಷಕ್ಕೆ ಸರಾಸರಿ ಎಷ್ಟು ಖರ್ಚು ಮಾಡುತ್ತವೆಯೋ ಅದರ ಕಾಲು ಭಾಗದಷ್ಟು ಬಂಡವಾಳ ಇರಬೇಕು. ಇಲ್ಲಿಯೇ ಇರುವುದು ಸೂತ್ರದ ವಿಚಿತ್ರ. ಒಂದು ಕ್ಲಬ್ಬಿಗೆ ಬೇಕಾದ ಬಂಡವಾಳವನ್ನು ಅದರ ಸ್ವಂತ ಖರ್ಚಿನಿಂದ ಅಳೆಯದೆ ಉಳಿದವರ ಖರ್ಚಿನಿಂದ ಅಳೆಯಲಾಗುತ್ತಿತ್ತು. ಪಕ್ಕದ ಮನೆಯವರು ಮದುವೆಗೆ ಸುರಿದ ಹಣ ನೋಡಿ, ನಿಮ್ಮ ಪೆಟ್ಟಿಗೆಯಲ್ಲೂ ಇಷ್ಟಿರಲೇಬೇಕು ಎಂದು ಹೇಳಿದ ಹಾಗೆ. ದುಂದು ಮಾಡಿದವರನ್ನು ಹಿಡಿಯಲು ಬೀಸಿದ ಬಲೆಗೆ ಮಿತವ್ಯಯಿ ಐಬಾರ್ ಸಿಕ್ಕಿಬಿತ್ತು. ಅದೇ ಹೊತ್ತಿಗೆ ಸ್ಪೇನಿನ ಕ್ಲಬ್ಬುಗಳ ಒಟ್ಟು ಸಾಲ ನೂರಾರು ಕೋಟಿ ಯೂರೊ ದಾಟಿತ್ತು. ಹಲವು ಕ್ಲಬ್ಬುಗಳು ದಿವಾಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವು.

ಒಬ್ಬ ಶ್ರೀಮಂತನಿಗೆ ಕ್ಲಬ್ಬನ್ನು ಮಾರಿಬಿಟ್ಟಿದ್ದರೆ ಸಮಸ್ಯೆ ಒಂದೇ ದಿನದಲ್ಲಿ ಬಗೆಹರಿಯುತ್ತಿತ್ತು. ಸ್ಪೇನಿನ ಬೇರೆ ಊರುಗಳಲ್ಲಿ ಹಾಗೆ ಬಂದ ಯಜಮಾನರು ಕೆಲವೇ ವರ್ಷಗಳಲ್ಲಿ ಕ್ಲಬ್ಬನ್ನು ಮುಳುಗಿಸಿ ಹೋದ ಉದಾಹರಣೆಗಳಿದ್ದವು. ಅಧ್ಯಕ್ಷ ಅಲೆಕ್ಸ್ ಅರಂಜಬಾಲ್ ಮತ್ತು ಅವರ ಆಡಳಿತ ಮಂಡಳಿ ಬೇರೆ ದಾರಿ ಹಿಡಿಯಿತು. ‘ಐಬಾರನ್ನು ಕಾಪಾಡಿ’ ಎಂಬ ಹೆಸರಿನಲ್ಲಿ ಷೇರು ಮಾರಾಟದ ಆಂದೋಲನ ಆರಂಭವಾಯಿತು. ಕನಿಷ್ಠ 50 ಯೂರೊ, ಅಂದರೆ ಆಗಿನ ಸುಮಾರು ನಾಲ್ಕು ಸಾವಿರ ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪಾಲುದಾರರಾಗಬಹುದು. ಆದರೆ ಯಾರೇ ಆಗಲಿ ಒಂದು ಲಕ್ಷ ಯೂರೊಗಿಂತ ಹೆಚ್ಚಿನ ಷೇರು ಕೊಳ್ಳುವಂತಿಲ್ಲ. ಈ ಮಿತಿಯೇ ಯೋಜನೆಯ ಜೀವಾಳ. ಹಣವೂ ಬರಬೇಕು, ಕ್ಲಬ್ಬು ಒಬ್ಬರ ಸೊತ್ತೂ ಆಗಬಾರದು.

ಊರಿನವರು ಮೊದಲು ಕೊಂಡರು. ಆದರೆ 27 ಸಾವಿರ ಜನರ ಊರಿನಿಂದಲೇ ಅಷ್ಟು ಹಣ ಹೊರಡುವುದು ಕಷ್ಟವಿತ್ತು. ಸುದ್ದಿ ಪತ್ರಿಕೆಗಳ ಮೂಲಕ, ಅಂತರ್ಜಾಲದ ಮೂಲಕ ಹರಡಿತು. ಅಲೊನ್ಸೊ, ಸಿಲ್ವಾ ಮುಂತಾದ ಹಳೆಯ ಆಟಗಾರರು ಬೆಂಬಲಕ್ಕೆ ನಿಂತರು. ಐಬಾರ್ ಎಲ್ಲಿದೆ ಎಂದು ಅಲ್ಲಿಯವರೆಗೆ ತಿಳಿಯದಿದ್ದ ಹತ್ತಾರು ದೇಶಗಳ ಜನ ಷೇರು ಕೊಂಡರು. ಗಡುವು ಮುಗಿಯುವ ಮೊದಲೇ, ಜುಲೈ ತಿಂಗಳಲ್ಲಿ, ಬೇಕಾದ ಹಣ ಕೂಡಿತು. ಸಾವಿರಾರು ಸಣ್ಣ ಪಾಲುದಾರರು ಕ್ಲಬ್ಬಿನ ಒಡೆಯರಾದರು.

ಏಳು ವರ್ಷ

2014ರ ಆಗಸ್ಟ್ 24ರಂದು ಇಪುರುವಾದಲ್ಲಿ ಮೊದಲ ದರ್ಜೆಯ ಮೊದಲ ಪಂದ್ಯ. ಎದುರಾಳಿ ಅದೇ ಪ್ರಾಂತ್ಯದ ಹಿರಿಯಣ್ಣ ರಿಯಲ್ ಸೊಸಿಯೆದಾದ್. ಹಾವಿ ಲಾರಾ ಎಂಬ ಆಟಗಾರ ಫ್ರೀ ಕಿಕ್‌ನಲ್ಲಿ ಹೊಡೆದ ಒಂದೇ ಗೋಲಿನಿಂದ ಐಬಾರ್ ಗೆದ್ದಿತು. ಋತುವಿನ ಮೊದಲರ್ಧದಲ್ಲಿ 27 ಅಂಕ ಗಳಿಸಿದ ತಂಡ ದ್ವಿತೀಯಾರ್ಧದಲ್ಲಿ ಕುಸಿದು ಒಟ್ಟು 35 ಅಂಕಗಳಲ್ಲೇ ನಿಂತಿತು. ಹದಿನೆಂಟನೆಯ ಸ್ಥಾನ, ಎಂದರೆ ಹಿಂಬಡ್ತಿ. ಗರಿಟಾನೊ ರಾಜೀನಾಮೆ ಕೊಟ್ಟ.

ಆಗ ಕಾನೂನು ಮತ್ತೊಮ್ಮೆ ಐಬಾರಿನ ಬಾಳಿನಲ್ಲಿ ಪ್ರವೇಶಿಸಿತು, ಈ ಸಲ ವರವಾಗಿ. ಹದಿಮೂರನೆಯ ಸ್ಥಾನದಲ್ಲಿದ್ದ ಎಲ್ಚೆ ಕ್ಲಬ್ಬು ತೆರಿಗೆ ಬಾಕಿ ತೀರಿಸದ ಕಾರಣ, 2015ರ ಜೂನ್ ತಿಂಗಳಲ್ಲಿ ಲೀಗ್ ಆಡಳಿತ ಅದನ್ನು ಎರಡನೆಯ ದರ್ಜೆಗೆ ಇಳಿಸಿತು. ತೆರವಾದ ಜಾಗದಲ್ಲಿ ಐಬಾರ್ ಉಳಿಯಿತು. ಹಿಂದಿನ ವರ್ಷ ಸಾಲವಿಲ್ಲದಿದ್ದರೂ ಶಿಕ್ಷೆಯ ಅಂಚಿಗೆ ಹೋಗಿದ್ದ ಕ್ಲಬ್ಬು, ಈ ವರ್ಷ ಇನ್ನೊಬ್ಬರ ಬಾಕಿಯಿಂದಾಗಿ ಬದುಕಿತು.

ಅದೇ 2015ರಲ್ಲಿ ಇನ್ನೊಂದು ಬದಲಾವಣೆಯಾಯಿತು. ಅಲ್ಲಿಯವರೆಗೆ ಪ್ರತಿ ಕ್ಲಬ್ಬೂ ತನ್ನ ಪಂದ್ಯಗಳ ಟೆಲಿವಿಷನ್ ಹಕ್ಕನ್ನು ತಾನೇ ಮಾರುತ್ತಿತ್ತು. ಸಿಂಹಪಾಲು ದೊಡ್ಡ ಎರಡು ಕ್ಲಬ್ಬುಗಳಿಗೆ. ಹಕ್ಕುಗಳನ್ನೆಲ್ಲ ಒಟ್ಟಾಗಿ ಮಾರಿ ಹಂಚಿಕೊಳ್ಳಬೇಕೆಂದು ಸರ್ಕಾರ ಕಾನೂನು ತಂದಿತು. ಸಣ್ಣ ಕ್ಲಬ್ಬುಗಳ ಪಾಲು ಹೆಚ್ಚಿತು. ಐಬಾರ್ ಆ ಹಣದಲ್ಲಿ ಇಪುರುವಾವನ್ನು ಸುಮಾರು 8 ಸಾವಿರ ಆಸನಗಳಿಗೆ ಹಿಗ್ಗಿಸಿತು. 2016ರಲ್ಲಿ ಅಮಾಯಾ ಗೊರೊಸ್ಟಿಸಾ ಎಂಬ ಮಹಿಳೆ ಅಧ್ಯಕ್ಷೆಯಾದರು. ಸ್ಪೇನಿನ ಫುಟ್‌ಬಾಲ್ ಆಡಳಿತದಲ್ಲಿ ಇದು ಇನ್ನೂ ಅಪರೂಪದ ಸಂಗತಿ.

ತರಬೇತುದಾರನಾಗಿ ಮರಳಿ ಬಂದ ಮೆಂಡಿಲಿಬಾರ್ ಆರು ಋತುಗಳ ಕಾಲ ತಂಡವನ್ನು ನಡೆಸಿದ. 2017–18ರಲ್ಲಿ ತಂಡ ಒಂಬತ್ತನೆಯ ಸ್ಥಾನಕ್ಕೆ ಏರಿತು. ಅದೇ ಅದರ ಅತ್ಯುತ್ತಮ ಸಾಧನೆ. 2018ರ ನವೆಂಬರ್ 24ರಂದು ಇಪುರುವಾಕ್ಕೆ ಬಂದ ರಿಯಲ್ ಮ್ಯಾಡ್ರಿಡ್ ಮೂರು-ಸೊನ್ನೆ ಗೋಲುಗಳಿಂದ ಸೋತು ಹೋಯಿತು. ಕೊನೆಗೆ, ಕೊರೊನಾ ಪಿಡುಗಿನಿಂದ ಮೈದಾನಗಳು ಬಿಕೋ ಎನ್ನುತ್ತಿದ್ದ 2020–21ರ ಋತುವಿನಲ್ಲಿ, ಐಬಾರ್ ಕಟ್ಟಕಡೆಯ ಸ್ಥಾನ ಪಡೆದು ಇಳಿಯಿತು. ಏಳು ವರ್ಷಗಳ ಕನಸು ಮುಗಿಯಿತು.

2022ರ ಮೇ 29ರಂದು ಅದು ಮತ್ತೆ ಬಾಗಿಲಿನವರೆಗೆ ಬಂದಿತ್ತು. ಕೊನೆಯ ಪಂದ್ಯ ಗೆದ್ದರೆ ಬಡ್ತಿ. ಎದುರಾಳಿ ಆಗಲೇ ಹಿಂಬಡ್ತಿ ಖಚಿತವಾಗಿದ್ದ ಅಲ್ಕೊರ್ಕೊನ್. ಹೆಚ್ಚುವರಿ ನಿಮಿಷಗಳಲ್ಲಿ ಬಿದ್ದ ಒಂದು ಗೋಲು ಎಲ್ಲವನ್ನೂ ಕಸಿಯಿತು. ಆ ವರ್ಷ ಮತ್ತು ಮುಂದಿನ ಎರಡು ವರ್ಷ, ಬಡ್ತಿಗಾಗಿ ನಡೆಯುವ ಕೊನೆಯ ಹಂತದ ಪಂದ್ಯಗಳಲ್ಲೂ ತಂಡ ಸೋತಿತು.

ಉಳಿದದ್ದು

ಸಣ್ಣ ಊರಿನ ಕ್ಲಬ್ಬುಗಳು ಏರುವುದು, ಇಳಿಯುವುದು ಫುಟ್‌ಬಾಲಿನಲ್ಲಿ ಹೊಸದಲ್ಲ. ಸ್ಪೇನಿನಲ್ಲೇ ಹಲವು ಊರುಗಳು ಒಂದೆರಡು ವರ್ಷ ಮೊದಲ ದರ್ಜೆಯ ಬೆಳಕು ಕಂಡಿವೆ. ಅವುಗಳಲ್ಲಿ ಕೆಲವು, ಅಲ್ಲಿಯೇ ಉಳಿಯುವ ಹಟದಲ್ಲಿ ಸಾಲದ ಸುಳಿಗೆ ಬಿದ್ದು ಹೆಸರಿಲ್ಲದಂತಾಗಿವೆ. ಅಂಥ ಕ್ಲಬ್ಬು ಮುಚ್ಚಿದಾಗ ಊರು ಕಳೆದುಕೊಳ್ಳುವುದು ಒಂದು ತಂಡವನ್ನಷ್ಟೇ ಅಲ್ಲ. ತಂದೆ ಮಗನನ್ನು, ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತಿದ್ದ ಭಾನುವಾರಗಳನ್ನು.

ಐಬಾರ್ ಮೊದಲ ದರ್ಜೆಯಿಂದ ಇಳಿದರೂ ಕ್ಲಬ್ಬು ಮುರಿಯಲಿಲ್ಲ. ಹಿಗ್ಗಿದ ಕ್ರೀಡಾಂಗಣ ಉಳಿಯಿತು, ಸಾವಿರಾರು ಸಣ್ಣ ಪಾಲುದಾರರೂ ಉಳಿದರು. ಯುದ್ಧ ನಿಂತಾಗ ಕೋವಿ ಬಿಟ್ಟು ಸೈಕಲ್ ಹಿಡಿದ, ಕೂಲಿ ನಿಂತಾಗ ತಾವೇ ಕಾರ್ಖಾನೆ ಕಟ್ಟಿದ ಜನರ ಊರಿಗೆ ಇಳಿಗಾಲ ಹೊಸದೇನೂ ಅಲ್ಲ. ಮಳೆಗಾಲದ ಸಂಜೆಗಳಲ್ಲಿ ಇಪುರುವಾದ ದೀಪಗಳು ಈಗಲೂ ಹೊತ್ತಿಕೊಳ್ಳುತ್ತವೆ; ಸುತ್ತಲಿನ ಮನೆಗಳ ಕಿಟಕಿಗಳೂ ತೆರೆದುಕೊಳ್ಳುತ್ತವೆ.